ಅಡ್ಡಹೆಸರು ನಮಗೆ, ಪೂರ್ತಿ ವಿಳಾಸ ಓದುವವರಿಗೆ

ಪ್ರಾಜೆಕ್ಟ್‌ನ ರೀಡ್‌ಮಿ, ಸೆಮಿನಾರ್ ಟಿಪ್ಪಣಿ, ಜೂನಿಯರ್‌ಗಳಿಗೆ ಕೊಟ್ಟು ಹೋಗೋ ಲ್ಯಾಬ್ ನೋಟ್ಸ್... ಇವನ್ನೆಲ್ಲ ನಾವು ಬರೆಯೋದು ಇನ್ನೊಬ್ಬರು ಓದಲಿ ಅಂತ. ಆದರೆ ಅದರೊಳಗಿನ ಲಿಂಕ್‌ಗಳು ಹೇಗೆ ಕಾಣುತ್ತವೆ ಅನ್ನೋದನ್ನ ಮಾತ್ರ ಸಾಫ್ಟ್‌ವೇರ್‌ನ ಪಾಲಿಗೆ ಬಿಟ್ಟುಬಿಡ್ತೇವೆ. ಹಾಗೆ ಬಿಡಬಾರದು ಅನ್ನೋದು ನಮ್ಮ ವಾದ.

ಈಮ್ಯಾಕ್ಸ್‌ನ ಆರ್ಗ್ ಮೋಡನ್ನೇ ತಗೊಳ್ಳಿ. ಖಗೋಳ ವಿಜ್ಞಾನಿ ಕಾರ್ಸ್ಟನ್ ಡೊಮಿನಿಕ್ 2003ರಲ್ಲಿ ಶುರುಮಾಡಿದ ಸಾಧನ ಇದು. ಇದರಲ್ಲಿ ಲಿಂಕ್‌ಗೆ ಅಡ್ಡಹೆಸರು ಇಡಬಹುದು. 'ಕೆವಿಕಿ' ಅಂದರೆ ಕನ್ನಡ ವಿಕಿಪೀಡಿಯದ ವಿಳಾಸ ಅಂತ ಇಂಗ್ಲಿಷ್ ಅಕ್ಷರಗಳಲ್ಲಿ ಫೈಲಿನ ಮೇಲ್ಗಡೆ ಒಮ್ಮೆ ಬರೆದಿಟ್ಟರೆ ಸಾಕು. ಆಮೇಲೆ ಎಲ್ಲಿ ಬೇಕಾದರೂ 'ಕೆವಿಕಿ:ಕುವೆಂಪು' ಅಂತ ಹಾಕಬಹುದು. ಬರೆಯೋರಿಗೆ ಸಲೀಸು. ಸೈಟ್‌ನ ವಿಳಾಸ ಬದಲಾದರೆ ತಿದ್ದಬೇಕಾದ್ದೂ ಒಂದೇ ಸಾಲು.

ತೊಂದರೆ ಬರೋದು ಟೆಕ್ಸ್ಟ್ ಫೈಲಾಗಿ ಎಕ್ಸ್‌ಪೋರ್ಟ್ ಮಾಡುವಾಗ. ಅಡ್ಡಹೆಸರು ಮಾಯವಾಗಿ ಪೂರ್ತಿ ವಿಳಾಸ ಬಂದು ಕೂರುತ್ತೆ. ಮೇಲಿನ ಸಾಲಿನಲ್ಲಿ ಶೇಕಡಾ ಚಿಹ್ನೆಯ ಮುಂದೆ 'ಎಚ್' ಹಾಕಿದ್ದರೆ ಕನ್ನಡ ಹೆಸರು ಸಂಕೇತಗಳಾಗಿ ಒಡೆಯುತ್ತೆ. ಯುಟಿಎಫ್-8ರಲ್ಲಿ ಒಂದೊಂದು ಕನ್ನಡ ಸಂಕೇತಕ್ಕೂ 3 ಬೈಟ್, ಒಂದೊಂದು ಬೈಟ್‌ಗೂ ಶೇಕಡಾ ಚಿಹ್ನೆ ಸೇರಿ 3 ಅಕ್ಷರ. ಹಾಗಾಗಿ 7 ಸಂಕೇತಗಳ 'ಕುವೆಂಪು' 63 ಅಕ್ಷರಗಳ ಕಸವಾಗುತ್ತೆ! ಅದೇ ಜಾಗದಲ್ಲಿ 'ಎಸ್' ಹಾಕಿ, ಎಕ್ಸ್‌ಪೋರ್ಟ್‌ಗೆ ಯುಟಿಎಫ್-8 ಆರಿಸಿದರೆ ವಿಳಾಸದ ಕೊನೆಯಲ್ಲಿ ಕುವೆಂಪು ಕುವೆಂಪು ಆಗಿಯೇ ಇರ್ತಾರೆ. ಒಂದೇ ಅಕ್ಷರದ ವ್ಯತ್ಯಾಸ. ಕನ್ನಡದಲ್ಲಿ ಬರೆಯೋ ನಾವು ಇಷ್ಟನ್ನಾದರೂ ಗಮನಿಸಬೇಡವೇ?

ಉದ್ದದ ವಿಳಾಸ ಓದಿಗೆ ಅಡ್ಡ ಬರುತ್ತೆ ಅಂತೀರಾ? ಲಿಂಕ್‌ಗೆ ವಿವರಣೆ ಕೊಡಿ. ಆಗ ವಾಕ್ಯದ ನಡುವೆ ವಿವರಣೆ ಮಾತ್ರ ಆವರಣದಲ್ಲಿ ಉಳಿದು, ವಿಳಾಸಗಳು ಆ ಭಾಗದ ಕೊನೆಗೆ ಹೋಗ್ತವೆ. ಪಕ್ಕದಲ್ಲೇ ಬೇಕಾದರೆ 'ಆರ್ಗ್-ಆಸ್ಕಿ-ಲಿಂಕ್ಸ್-ಟು-ನೋಟ್ಸ್' ಆಫ್ ಮಾಡಿ. ಎರಡೂ ಹಿಡಿಸದಿದ್ದರೆ 'ಆರ್ಗ್-ಲಿಂಕ್-ಸೆಟ್-ಪ್ಯಾರಾಮೀಟರ್ಸ್' ಬಳಸಿ ನಮ್ಮದೇ ಲಿಂಕ್ ಬಗೆ ಮಾಡಿಕೊಳ್ಳಬಹುದು. ಅದಕ್ಕೆ ಕೊಡೋ ಎಕ್ಸ್‌ಪೋರ್ಟ್ ಫಂಕ್ಷನ್‌ಗೆ ಔಟ್‌ಪುಟ್ ಯಾವುದು ಅಂತ ಗೊತ್ತಿರುತ್ತೆ. ಹಾಗಾಗಿ ಎಚ್‌ಟಿಎಂಎಲ್‌ನಲ್ಲಿ ಬರೀ ಹೆಸರು, ಟೆಕ್ಸ್ಟ್‌ನಲ್ಲಿ ಹೆಸರಿನ ಜೊತೆ ವಿಳಾಸ ಅಂತ ಬೇರೆ ಬೇರೆ ರೂಪ ಕೊಡಬಹುದು. ನಾಲ್ಕೈದು ಸಾಲಿನ ಲಿಸ್ಪ್, ಅಷ್ಟೇ.

ಇಷ್ಟೆಲ್ಲ ಯಾಕೆ, ಲಿಂಕ್ ಚಿಕ್ಕದು ಮಾಡೋ ಸೇವೆಗಳಿವೆಯಲ್ಲ ಅನ್ನೋರೂ ಇದ್ದಾರೆ. ಗೂಗಲ್‌ನ ಗೂ.ಜಿಎಲ್ 2019ರಲ್ಲೇ ಹೊಸ ಲಿಂಕ್ ಕೊಡೋದು ನಿಲ್ಲಿಸಿತು. 2025ರಲ್ಲಿ, ಬಳಕೆಯಲ್ಲಿಲ್ಲದ ಹಳೆಯ ಲಿಂಕ್‌ಗಳನ್ನೂ ಕೈಬಿಟ್ಟಿತು. ಕಾಲೇಜು ಲೈಬ್ರರಿಯ ಕಪಾಟಿನಲ್ಲಿ ಧೂಳು ತಿನ್ನೋ ರಿಪೋರ್ಟಿನ ಲಿಂಕ್‌ಗಳನ್ನ ವರ್ಷಗಟ್ಟಲೆ ಯಾರೂ ಒತ್ತಿರಲ್ಲ. ಮೊದಲು ಸಾಯೋದು ಅಂಥವೇ. ಆರ್ಗ್‌ನ ಅಡ್ಡಹೆಸರಿಗೆ ಆ ಭಯವಿಲ್ಲ. ಅದರ ಅರ್ಥ ನಮ್ಮ ಫೈಲಿನೊಳಗೇ ಇರುತ್ತೆ, ಹೊರಗೆ ಹೋಗೋ ಪ್ರತಿಯಲ್ಲಿ ಅಸಲಿ ವಿಳಾಸವೇ ಇರುತ್ತೆ.

ಮುದ್ರಿಸಿದ ಹಾಳೆಯಲ್ಲಿ 'ಇಲ್ಲಿ ಕ್ಲಿಕ್ ಮಾಡಿ' ಅಂತಿದ್ದರೆ ಜೂನಿಯರ್ ಬೆರಳಿಂದ ಹಾಳೆ ಒತ್ತಬೇಕಾ? ನಾವು ಹೇಳಿದ್ದು ಸರಿಯೋ ತಪ್ಪೋ ಅಂತ ಅವರು ಹುಡುಕಿ ನೋಡೋಕೆ ಇರೋ ದಾರಿ ಆ ವಿಳಾಸ ಒಂದೇ. ಹಾಗಾಗಿ ಮುಂದಿನ ಸಲ ಸಬ್ಮಿಟ್ ಮಾಡೋ ಮುಂಚೆ ಎಕ್ಸ್‌ಪೋರ್ಟ್ ಆದ ಫೈಲನ್ನ ತೆರೆದು, ಲಿಂಕ್‌ಗಳನ್ನ ಓದುವವರ ಕಣ್ಣಿಂದ ಒಮ್ಮೆ ನೋಡೋಣ.