ಗಾಳಿ ಹಿಡಿದ ಹಳೆ ಕಾರು

ಊರು ಬಿಟ್ಟು ಬಂದ ನಮ್ಮಂಥವರ ಮನೆಗಳಲ್ಲಿ ಒಂದು ಹಳೆ ಕಾರು ಇದ್ದೇ ಇರುತ್ತದೆ. ಬೆಂಗಳೂರಿನ ಮೊದಲ ಕೆಲಸದ ದಿನಗಳಲ್ಲಿ ಕೊಂಡದ್ದೋ, ಅಪ್ಪ ಓಡಿಸಿ ಸಾಕೆಂದು ಕೊಟ್ಟದ್ದೋ. ಮಾರಿದರೆ ಕೈಗೆ ಏನೂ ಸಿಗುವುದಿಲ್ಲ, ಇಟ್ಟುಕೊಂಡರೆ ಖರ್ಚು ತಪ್ಪುವುದಿಲ್ಲ. 15 ವರ್ಷ ತುಂಬಿದ ಮೇಲೆ ಫಿಟ್‌ನೆಸ್ ಪರೀಕ್ಷೆ ಮಾಡಿಸಿ ನೋಂದಣಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು. 2022ರ ಏಪ್ರಿಲ್ 1ರಿಂದ ಇದರ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಗಾಡಿ ಇದ್ದರೆ ಕೆಎ ನಂಬರ್ ಕೂಡ ಬಿಟ್ಟುಕೊಡಬೇಕು. ಇಷ್ಟೆಲ್ಲ ಮಾಡಿ ಉಳಿಸಿಕೊಂಡ ಕಾರನ್ನು ನಡುರಸ್ತೆಯಲ್ಲಿ ನಿಲ್ಲಿಸಲು ಪೆನ್ಸಿಲ್ ದಪ್ಪದ ಒಂದು ರಬ್ಬರ್ ಪೈಪ್ ಸಾಕು. ಈ ಸಲ ಅದರದೇ ಮಾತು.

ಕಳೆದ ಮೇ ತಿಂಗಳ ಒಂದು ಭಾನುವಾರ ನಾಗಪುರದಿಂದ ಭಂಡಾರಾ ಕಡೆಗೆ ಹೊರಟಿದ್ದೆವು. ರಾಷ್ಟ್ರೀಯ ಹೆದ್ದಾರಿ 53ರಲ್ಲಿ ನಡುವೆ ಸಿಗುವ ಊರು ಮೌದಾ. ಕನ್ಹಾನ್ ನದಿ, ಎನ್‌ಟಿಪಿಸಿಯ 2,320 ಮೆಗಾವ್ಯಾಟ್ ವಿದ್ಯುತ್ ಸ್ಥಾವರ, ಸಾಲು ಸಾಲು ಲಾರಿಗಳು. ಅಲ್ಲಿ ಯು-ಟರ್ನ್ ತೆಗೆದುಕೊಳ್ಳಲು ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಎಂಜಿನ್ ಒಮ್ಮೆ ನಡುಗಿ ನಿಂತೇಹೋಯಿತು. ಕಾರು ಅರ್ಧ ತಿರುಗಿ ರಸ್ತೆಗೆ ಅಡ್ಡವಾಗಿದೆ, ಹಿಂದಿನ ಸೀಟಿನಲ್ಲಿ ಅಮ್ಮ ಮತ್ತು ಮಗಳು, ಎದುರಿನಿಂದ ಲಾರಿ ಬರುತ್ತಿದೆ. ಆ ಲಾರಿಯವನು ವೇಗ ತಗ್ಗಿಸಿ ದಾರಿ ಬಿಟ್ಟ. ಎರಡನೆಯ ಸಲಕ್ಕೆ ಎಂಜಿನ್ ಹತ್ತಿಕೊಂಡಿತು, ಕಾರನ್ನು ರಸ್ತೆ ಬದಿಗೆ ತಂದೆ.

ಎಂಜಿನ್ ನಿಂತಾಗ ಏನಾಗುತ್ತದೆ ಎಂಬುದನ್ನು ಮೊದಲು ಹೇಳಬೇಕು, ಏಕೆಂದರೆ ನಿಜವಾದ ಅಪಾಯ ಇರುವುದು ಅಲ್ಲೇ. ಹಳೆಯ ಕಾರುಗಳ ಪವರ್ ಸ್ಟಿಯರಿಂಗ್ ಪಂಪನ್ನು ತಿರುಗಿಸುವುದು ಎಂಜಿನ್‌ನ ಬೆಲ್ಟ್. ಎಂಜಿನ್ ನಿಂತರೆ ಪಂಪ್ ನಿಲ್ಲುತ್ತದೆ, ಸ್ಟಿಯರಿಂಗ್ ಕಲ್ಲಿನಂತೆ ಭಾರವಾಗುತ್ತದೆ. ಆದರೆ ಲಾಕ್ ಆಗುವುದಿಲ್ಲ, ಎರಡೂ ಕೈಯಲ್ಲಿ ಜೋರಾಗಿ ಎಳೆದರೆ ತಿರುಗುತ್ತದೆ. ಬ್ರೇಕಿನ ಬೂಸ್ಟರಿನಲ್ಲಿ ಒಂದೆರಡು ಸಲ ಒತ್ತುವಷ್ಟು ನಿರ್ವಾತ ಉಳಿದಿರುತ್ತದೆ. ಆದ್ದರಿಂದ ಪೆಡಲನ್ನು ಮತ್ತೆ ಮತ್ತೆ ಪಂಪ್ ಮಾಡದೆ ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ಕೀಲಿಯನ್ನು ಹೊರಗೆ ಎಳೆಯಬಾರದು, ಎಳೆದರೆ ಸ್ಟಿಯರಿಂಗ್ ನಿಜವಾಗಿಯೇ ಲಾಕ್ ಆಗುತ್ತದೆ. ಮನೆಯಲ್ಲಿ ಕಾರು ಓಡಿಸುವ ಎಲ್ಲರಿಗೂ ಇಷ್ಟು ಗೊತ್ತಿರಲಿ.

ಮೌದಾದ ರಸ್ತೆ ಬದಿಯ ಮೆಕ್ಯಾನಿಕ್ ಬಾನೆಟ್ ಎತ್ತಿ ಅರ್ಧ ನಿಮಿಷ ಸುಮ್ಮನೆ ಕಿವಿಗೊಟ್ಟ. ಸ್ಸ್ ಎಂಬ ಸಣ್ಣ ಸದ್ದು ಬರುತ್ತಿತ್ತು. "ಹವಾ ಪಕಡ ರಹಾ ಹೈ" ಎಂದ. ಅಂದರೆ ಎಂಜಿನ್ ಎಲ್ಲಿಂದಲೋ ಕಳ್ಳಗಾಳಿ ಎಳೆದುಕೊಳ್ಳುತ್ತಿದೆ. ಸ್ಟಿಯರಿಂಗ್ ಪಂಪಿನಿಂದ ಹೋಗುವ ಒಂದು ಪೈಪನ್ನು ಇಕ್ಕಳದಲ್ಲಿ ಮೆಲ್ಲಗೆ ಅದುಮಿದ. ನಡುಗುತ್ತಿದ್ದ ಎಂಜಿನ್ ತಟ್ಟನೆ ಸಮವಾಯಿತು. ಪೈಪ್ ಬಾಗುವ ಕಡೆ, ಮೇಲಿನಿಂದ ನೋಡಿದರೆ ಕಾಣದ ತಳಭಾಗದಲ್ಲಿ, ರಬ್ಬರ್ ಬಿರಿದಿತ್ತು.

ಸ್ಟಿಯರಿಂಗಿಗೂ ಗಾಳಿ ಪೈಪಿಗೂ ಏನು ಸಂಬಂಧ? ನಿಂತಲ್ಲೇ ಚಕ್ರ ತಿರುಗಿಸುವಾಗ ಪಂಪಿನ ಹೊರೆ ಎಂಜಿನ್ ಮೇಲೆ ಬೀಳುತ್ತದೆ. ಐಡ್ಲಿಂಗ್‌ನಲ್ಲಿ ನಿಮಿಷಕ್ಕೆ 700-800 ಸುತ್ತು ತಿರುಗುವ ಎಂಜಿನ್ ಆ ಹೊರೆಗೆ ಸೋತು ನಿಲ್ಲಬಹುದು. ಅದನ್ನು ತಪ್ಪಿಸಲು ಟೊಯೊಟಾದ 1990ರ ದಶಕದ ಹಲವು ಪೆಟ್ರೋಲ್ ಎಂಜಿನ್‌ಗಳೂ ಸೇರಿದಂತೆ ಆ ಕಾಲದ ಕೆಲವು ಕಾರುಗಳಲ್ಲಿ ಪಂಪಿನ ಮೇಲೆ ಒಂದು ಸಣ್ಣ ವಾಲ್ವ್ ಕೂರಿಸಿರುತ್ತಾರೆ. ಅದರಿಂದ ಎರಡು ಪೈಪ್ ಹೊರಡುತ್ತವೆ: ಒಂದು ಏರ್ ಫಿಲ್ಟರಿನ ಕಡೆಗೆ, ಇನ್ನೊಂದು ಥ್ರಾಟಲ್ ದಾಟಿದ ಮೇಲಿನ ಮ್ಯಾನಿಫೋಲ್ಡಿಗೆ. ಸ್ಟಿಯರಿಂಗ್ ಎಣ್ಣೆಯ ಒತ್ತಡ ಏರಿದಾಗ ವಾಲ್ವ್ ತೆರೆದು ಎಂಜಿನ್ನಿಗೆ ಒಂದಿಷ್ಟು ಹೆಚ್ಚಿನ ಗಾಳಿ ಕೊಡುತ್ತದೆ, ಐಡ್ಲಿಂಗ್ ಏರುತ್ತದೆ. ಕಂಪ್ಯೂಟರಿನ ಹಂಗಿಲ್ಲದ ಜಾಣ ಏರ್ಪಾಡು. ಹೊಸ ಕಾರುಗಳಿಗೆ ವಿದ್ಯುತ್ ಸ್ಟಿಯರಿಂಗ್ ಬಂದ ಮೇಲೆ ಪಂಪೂ ಇಲ್ಲ, ಪೈಪೂ ಇಲ್ಲ.

ಮ್ಯಾನಿಫೋಲ್ಡಿನ ಕಡೆಯ ಪೈಪ್ ಬಿರಿದರೆ ಲೆಕ್ಕಕ್ಕೆ ಸಿಗದ ಗಾಳಿ ಒಳನುಗ್ಗುತ್ತದೆ. ಒಳಬರುವ ಗಾಳಿಯನ್ನು ಅಳೆಯುವ ಸೆನ್ಸರ್ ಇರುವ ಕಾರಿನಲ್ಲಿ ಮಿಶ್ರಣಕ್ಕೆ ಪೆಟ್ರೋಲ್ ಸಾಲದೆ ಎಂಜಿನ್ ನಡುಗುತ್ತದೆ, ಪಿ0171 ಎಂಬ ಕೋಡ್ ಬರಬಹುದು. ಮ್ಯಾನಿಫೋಲ್ಡಿನ ಒತ್ತಡವನ್ನು ಅಳೆಯುವ ಕಾರಿನಲ್ಲಿ ಇದಕ್ಕೆ ತದ್ವಿರುದ್ಧವಾಗಿ ಐಡ್ಲಿಂಗ್ ಏರಿ ಕೂರುತ್ತದೆ. ಒಂದೇ ರೋಗಕ್ಕೆ ಎರಡು ಲಕ್ಷಣ. ನಮ್ಮ ತಂಡದಲ್ಲಿ ಬಗ್ ಹುಡುಕುವಾಗಲೂ ಹೀಗೇ: ಲಕ್ಷಣ ನೋಡಿ ದೊಡ್ಡ ಮಾಡ್ಯೂಲನ್ನು ಬಯ್ಯುವ ಮೊದಲು ಸಣ್ಣ ಸಂಪರ್ಕಗಳನ್ನು ಒಂದೊಂದಾಗಿ ಮುಚ್ಚಿ ನೋಡಬೇಕು.

ಮೂರನೆಯ ಲಕ್ಷಣ ಇನ್ನೂ ಮೋಸದ್ದು. ಪಂಪಿನ ವಾಲ್ವ್ ಒಳಗೇ ಸೋರತೊಡಗಿದರೆ ಎಂಜಿನ್ ಈ ಪೈಪಿನ ಮೂಲಕ ಸ್ಟಿಯರಿಂಗ್ ಎಣ್ಣೆಯನ್ನೇ ಹೀರುತ್ತದೆ. ಸೈಲೆನ್ಸರಿನಲ್ಲಿ ಬಿಳಿ ಹೊಗೆ, ಡಬ್ಬಿಯಲ್ಲಿ ಎಣ್ಣೆ ಖಾಲಿ, ಆದರೆ ನೆಲದ ಮೇಲೆ ಒಂದು ಹನಿಯೂ ಇಲ್ಲ. ಹೊಗೆ ನೋಡಿದವರು ಹೆಡ್ ಗ್ಯಾಸ್ಕೆಟ್ ಎನ್ನುತ್ತಾರೆ, ಎಂಜಿನ್ ಬಿಚ್ಚುವ ಮಾತು ಬರುತ್ತದೆ. ಪರಿಚಯದವರೊಬ್ಬರಿಗೆ ಒಂದು ವರ್ಕ್‌ಶಾಪ್ 40 ಸಾವಿರದ ಅಂದಾಜು ಕೊಟ್ಟಿತ್ತು. ಪೈಪ್ ಕಳಚಿ ನೋಡಿದಾಗ ಒಳಗೆ ಕೆಂಪು ಎಣ್ಣೆ. ವಾಲ್ವ್ ಬದಲಾಯಿಸಿದ ಮೇಲೆ ಹೊಗೆ ನಿಂತಿತು. ಪೈಪಿನ ಒಳಗೆ ಎಣ್ಣೆ ಇದೆಯೇ ಎಂದು ನೋಡುವುದಕ್ಕೆ ದುಡ್ಡು ಬೇಕಿಲ್ಲ. ದೊಡ್ಡ ರಿಪೇರಿಗೆ ಒಪ್ಪುವ ಮೊದಲು ಅದನ್ನು ಮಾಡಿಸಿ.

ದಾರಿಯಲ್ಲಿ ಪೈಪ್ ಕೈಕೊಟ್ಟರೆ? ಬಿರುಕು ತುದಿಯಲ್ಲಿದ್ದರೆ ಅಷ್ಟನ್ನು ಕತ್ತರಿಸಿ, ಉಳಿದದ್ದನ್ನು ಎಳೆದು ಕೂರಿಸಬಹುದು. ನಡುವೆ ಇದ್ದರೆ ಅದೇ ಅಳತೆಯ ಪೆಟ್ರೋಲ್ ಪೈಪಿನ ತುಂಡು ನಡೆಯುತ್ತದೆ. ಮೌದಾದಲ್ಲಿ ಹಾಕಿದ್ದು ಅದನ್ನೇ, ಕೂಲಿ ಸೇರಿ 150 ರೂಪಾಯಿ. ಏನೂ ಸಿಗದಿದ್ದರೆ ಪೈಪ್ ತೆಗೆದು, ಅದು ಕೂರುವ ಮೂತಿಗಳನ್ನು ಬಿರಡೆ ಹಾಕಿ ಭದ್ರವಾಗಿ ಮುಚ್ಚಿ. ಸ್ಟಿಯರಿಂಗ್ ಕೆಲಸ ಮಾಡುತ್ತದೆ. ನಿಂತಲ್ಲಿ ತಿರುಗಿಸುವಾಗ ಮಾತ್ರ ಎಂಜಿನ್ ಕುಗ್ಗಬಹುದು, ಆಗ ಆಕ್ಸಿಲರೇಟರನ್ನು ತುಸು ಒತ್ತಿಕೊಳ್ಳಬೇಕು. ಗಾಜು ತೊಳೆಯುವ ನೀರಿನ ಮೆತ್ತನೆಯ ಟ್ಯೂಬ್ ಹಾಕಬೇಡಿ, ಎಳೆತಕ್ಕೆ ಚಪ್ಪಟೆಯಾಗುತ್ತದೆ. ನೋಡಲು ಚೆಂದದ ಸಿಲಿಕೋನ್ ಪೈಪ್ ಬಿಸಿ ತಡೆದರೂ ಎಣ್ಣೆಗೆ ಉಬ್ಬುತ್ತದೆ. ಇಲ್ಲಿಗೆ ಸರಿಯಾದದ್ದು ಎಣ್ಣೆ ತಡೆಯುವ ನೈಟ್ರೈಲ್ ರಬ್ಬರ್.

ಎರಡು ಪೈಪ್‌ಗಳನ್ನು ಮಾತ್ರ ಇದರ ಜೊತೆ ಗೊಂದಲ ಮಾಡಿಕೊಳ್ಳಬಾರದು. ಬ್ರೇಕ್ ಬೂಸ್ಟರಿಗೆ ಹೋಗುವ ದಪ್ಪ ಪೈಪ್ ಬಿರಿದಿದ್ದರೆ ಕಾರು ಓಡಿಸಬೇಡಿ, ಎತ್ತಿಸಿಕೊಂಡು ಹೋಗಿ. ಸ್ಟಿಯರಿಂಗಿನ ಹೈ-ಪ್ರೆಶರ್ ಎಣ್ಣೆ ಪೈಪ್ ಸೋರಿದರೂ ಅಷ್ಟೇ. ಆ ಒತ್ತಡಕ್ಕೆ ಟೇಪು, ಕ್ಲಿಪ್ಪು ನಿಲ್ಲುವುದಿಲ್ಲ, ಬಿಸಿ ಎಕ್ಸಾಸ್ಟ್ ಮೇಲೆ ಎಣ್ಣೆ ಚಿಮ್ಮಿದರೆ ಬೆಂಕಿಯ ಭಯ.

ವಿದರ್ಭದ ಬೇಸಿಗೆಯಲ್ಲಿ ತಾಪಮಾನ 45 ಡಿಗ್ರಿ ದಾಟುವುದು ಹೊಸದಲ್ಲ, ಬಾನೆಟ್ ಕೆಳಗೆ ಅದಕ್ಕಿಂತ ಎಷ್ಟೋ ಹೆಚ್ಚು. ಬಿಸಿ 10 ಡಿಗ್ರಿ ಏರಿದರೆ ರಬ್ಬರಿನ ಮುಪ್ಪಿನ ವೇಗ ಸುಮಾರು ಎರಡು ಪಟ್ಟು ಎಂಬುದು ಒಂದು ಸ್ಥೂಲ ಲೆಕ್ಕ. ಬೆಂಗಳೂರಿನ ತಂಪಿನಲ್ಲಿ ಹತ್ತು ವರ್ಷ ಬಾಳಿದ ಪೈಪ್ ಇಲ್ಲಿ ಬೇಗ ಗಟ್ಟಿಯಾಗುತ್ತದೆ. ನಾಗಪುರದಿಂದ ಬೆಂಗಳೂರಿಗೆ ಹೈದರಾಬಾದ್, ಕರ್ನೂಲು ಹಾದು ಸುಮಾರು 1,100 ಕಿಲೋಮೀಟರ್. ಮಕ್ಕಳ ರಜೆ ಎಂದು ನಾವೆಲ್ಲ ಹೊರಡುವುದು ಅದೇ ಮೇ ತಿಂಗಳಲ್ಲಿ.

ಹೊರಡುವ ವಾರ ಮೊದಲು, ಎಂಜಿನ್ ತಣ್ಣಗಿದ್ದಾಗ ಸಣ್ಣ ಪೈಪ್‌ಗಳನ್ನೆಲ್ಲ ಬೆರಳಲ್ಲಿ ಬಗ್ಗಿಸಿ ನೋಡಿ, ಬಾಗಿದ ಕಡೆಯ ತಳಭಾಗವನ್ನೂ ಮುಟ್ಟಿ ನೋಡಿ. ಗಟ್ಟಿಯಾಗಿದ್ದರೆ, ಬಿರುಕು ಕಂಡರೆ ಬದಲಾಯಿಸಿ. ಡಿಕ್ಕಿಯಲ್ಲಿ ಒಂದು ಮೀಟರ್ ಪೆಟ್ರೋಲ್ ಪೈಪ್, ನಾಲ್ಕು ಕ್ಲಿಪ್, ಒಂದು ಇಕ್ಕಳ, ಒಂದು ಚಾಕು ಇರಲಿ. ಉಪ್ಪಿನಕಾಯಿ ಭರಣಿ ಇಡಲು ಆಮೇಲೂ ಜಾಗ ಉಳಿಯುತ್ತದೆ.