ಮುಟ್ಟು ನಿಲ್ಲುವ ಕಾಲದ ದಾಂಪತ್ಯ

ಈ ತಿಂಗಳು ನಾವು ಎತ್ತಿಕೊಂಡಿರುವ ವಿಷಯವು ಸಂಸಾರಸ್ಥರ ಮನೆಯಲ್ಲಿ ಬಾಯಿಬಿಟ್ಟು ಆಡತಕ್ಕುದಲ್ಲವೆಂದು ಕೆಲವರು ಹುಬ್ಬುಗಂಟಿಕ್ಕಬಹುದು. ಆಡದೆ ಬಿಟ್ಟುದರಿಂದ ಎಷ್ಟು ಮಂದಿ ಹೆಂಗಸರು ನೋವನ್ನು ನುಂಗಿಕೊಂಡು ದಿನ ಕಳೆಯುತ್ತಿರುವರೆಂಬುದನ್ನು ಬಲ್ಲವರು ಹಾಗೆ ಮಾಡಲಾರರು.

ನಮ್ಮ ದೇಶದ ಸ್ತ್ರೀಯರಿಗೆ ಸಾಧಾರಣವಾಗಿ 46-47ನೆಯ ವಯಸ್ಸಿನಲ್ಲಿ ಮುಟ್ಟು ನಿಲ್ಲುತ್ತದೆ. ಸತತವಾಗಿ 12 ತಿಂಗಳು ಮುಟ್ಟಾಗದಿದ್ದರೆ ಅದು ನಿಂತಿತೆಂದು ವೈದ್ಯರು ಎಣಿಸುವರು. ಅಂಡಾಶಯಗಳಲ್ಲಿ ಹುಟ್ಟುವ ಈಸ್ಟ್ರೊಜೆನ್ ಎಂಬ ಗ್ರಂಥಿರಸವು ಆಗ ಕುಂದುವುದರಿಂದ, ಯೋನಿಯ ಒಳಪೊರೆಯು ತೆಳುವಾಗಿ ಒಣಗಿ, ಪತಿಸಂಗದಲ್ಲಿ ಉರಿಯೂ ನೋವೂ ತೋರುತ್ತವೆ. ಮೈ ಬಿಸಿಯೇರಿ ಬೆವರುವ ಉಪದ್ರವವು ಬಹುಮಂದಿಗೆ ಕೆಲವು ವರ್ಷಗಳಲ್ಲಿ ತಾನಾಗಿ ತಗ್ಗುವುದು. ಈ ಒಣಗುವಿಕೆಯಾದರೋ ಚಿಕಿತ್ಸೆಯಿಲ್ಲದೆ ಸಾಮಾನ್ಯವಾಗಿ ಹೋಗುವುದಿಲ್ಲ. ನೋವಿಗೆ ಹೆದರಿದವಳಿಗೆ ಇಚ್ಛೆಯು ಎಲ್ಲಿಂದ ಬರಬೇಕು? ಇದನ್ನರಿಯದ ಗಂಡನು ಹೆಂಡತಿಗೆ ತನ್ನ ಮೇಲೆ ಬೇಸರವೆಂದು ತಿಳಿದು ಮುಖ ತಿರುಗಿಸುವನು.

ಆದರೆ ಎಲ್ಲವನ್ನೂ ವಯಸ್ಸಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ಒಂದೇ ಪ್ರಾಯದ ಇಬ್ಬರಲ್ಲಿ ಒಬ್ಬಳಿಗೆ ತೊಂದರೆಯುಂಟು, ಇನ್ನೊಬ್ಬಳಿಗಿಲ್ಲ. ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದಲ್ಲಿ 1991ರಿಂದ ಮೊದಲ್ಗೊಂಡು, ಈ ವಯೋಮಾನದ ನೂರಾರು ಸ್ತ್ರೀಯರನ್ನು ಅನೇಕ ವರ್ಷ ವಿಚಾರಿಸುತ್ತ ಬಂದರು. ಗ್ರಂಥಿರಸದ ಇಳಿತಕ್ಕೆ ಪಾತ್ರವುಂಟೆಂದು ಕಂಡಿತು. ಆದರೆ ಮೊದಲಿನ ದಾಂಪತ್ಯವು ಹೇಗಿದ್ದಿತು, ಪತಿಯ ಮೇಲಿನ ಭಾವವು ಎಂತಹುದು ಎಂಬುವುಗಳ ಪ್ರಭಾವವು ಅದಕ್ಕಿಂತಲೂ ಹೆಚ್ಚೆಂದು ತಿಳಿದುಬಂದಿತು. ಗಂಡಂದಿರು ಈ ಮಾತನ್ನು ಎರಡು ಸಲ ಓದಿಕೊಳ್ಳಲಿ.

ಸಕ್ಕರೆ ಕಾಯಿಲೆ, ಮನಸ್ಸಿನ ಕುಗ್ಗು, ನಿದ್ರೆಗೇಡು, ಕೆಮ್ಮಿದರೆ ಮೂತ್ರ ಸೋರುವುದು, ಗರ್ಭಕೋಶ ಜಾರುವುದು, ಇವೂ ಕಾರಣಗಳೇ. ಮನೋವ್ಯಥೆಗೆ ಕೊಡುವ ಕೆಲವು ಮಾತ್ರೆಗಳು ಇಚ್ಛೆಯನ್ನು ಕುಂದಿಸುತ್ತವೆ. ಸ್ತನದ ಕ್ಯಾನ್ಸರಿನ ಕೆಲವು ಔಷಧಿಗಳು ಒಣಗುವಿಕೆಯನ್ನು ಹೆಚ್ಚಿಸುತ್ತವೆ. ಹಾಗೆಂದು ಮಾತ್ರೆಯನ್ನು ತಾವೇ ನಿಲ್ಲಿಸಕೂಡದು. ಕೊಟ್ಟ ವೈದ್ಯರನ್ನೇ ಕೇಳಬೇಕು. ಎಷ್ಟೋ ಮನೆಗಳಲ್ಲಿ ಗಂಡನ ದೇಹಸ್ಥಿತಿಯೇ ಕೆಟ್ಟಿದ್ದು, ದೂರು ಮಾತ್ರ ಹೆಂಡತಿಯ ಪಾಲಿಗೆ ಬರುವುದೂ ಉಂಟು.

ನಾವು ಒತ್ತಿ ಹೇಳಬೇಕಾದುದು ಶಸ್ತ್ರಕ್ರಿಯೆಯ ವಿಷಯ. ಮಕ್ಕಳಾದುವು, ಇನ್ನೇಕೆ ಗರ್ಭಕೋಶವೆಂದು ನಲವತ್ತು ತುಂಬುವ ಮೊದಲೇ ತೆಗೆಸಿಬಿಡುವ ಸಂಸಾರಗಳುಂಟು. ಅದರೊಡನೆ ಎರಡು ಅಂಡಾಶಯಗಳನ್ನೂ ತೆಗೆದರೆ, ವರ್ಷಗಟ್ಟಲೆ ಮೆಲ್ಲನೆ ಆಗಬೇಕಾದ ಬದಲಾವಣೆಯು ಒಂದೇ ದಿನದಲ್ಲಿ ಮೈಮೇಲೆರಗುವುದು. ತೊಂದರೆಯೂ ಅಷ್ಟೇ ತೀವ್ರವಾಗುವುದು. ಗಡ್ಡೆಯೋ ಅತಿಸ್ರಾವವೋ ಇದ್ದು ಶಸ್ತ್ರಕ್ರಿಯೆಯು ಅವಶ್ಯವಾದಾಗ ಅದರಿಂದ ಸುಖವೇ ಹೆಚ್ಚುವುದುಂಟು. ನಾವು ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅನಾವಶ್ಯಕವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಕೇಂದ್ರ ಸರ್ಕಾರದ ಮಾರ್ಗಸೂಚಿಗಳನ್ನು ರಾಜ್ಯಗಳು ಅಂಗೀಕರಿಸಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟು ಆಜ್ಞಾಪಿಸಬೇಕಾಯಿತೆಂದ ಮೇಲೆ, ಸ್ಥಿತಿಯನ್ನು ವಾಚಕರೇ ಊಹಿಸಿಕೊಳ್ಳಬಹುದು. ಸಹಿ ಹಾಕುವ ಮೊದಲು, ಬೇರೆ ಉಪಾಯವಿಲ್ಲವೆ, ಅಂಡಾಶಯಗಳನ್ನು ಉಳಿಸಬಹುದೆ ಎಂದು ಕೇಳುವುದು ಹೆಂಗಸಿನ ಹಕ್ಕು.

ಒಣಗುವಿಕೆಗೆ ಔಷಧದಂಗಡಿಯಲ್ಲಿ ದೊರೆಯುವ ಜಾರಕ ಲೇಪಗಳುಂಟು. ಅದರಿಂದ ಸಾಲದಿದ್ದರೆ ಈಸ್ಟ್ರೊಜೆನ್ ಬೆರೆತ ಲೇಪವನ್ನು ವೈದ್ಯರು ಬರೆದುಕೊಡುವರು. ಸ್ತನದ ಕ್ಯಾನ್ಸರ್ ಆಗಿದ್ದವರು ಅದನ್ನು ಮೊದಲೇ ತಿಳಿಸತಕ್ಕದ್ದು. ಸೋಪು ಹಾಕಿ ಒಳಗೆ ತೊಳೆಯುವ ಅಭ್ಯಾಸವನ್ನು ಬಿಡಬೇಕು. ಮುಟ್ಟು ನಿಂತು ವರ್ಷ ಕಳೆದ ಮೇಲೆ ಮತ್ತೆ ರಕ್ತ ಕಂಡರೆ, ಒಂದು ಹನಿಯಾದರೂ ಸರಿ, ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.