ಹಗಲು ಮಲಗುವವರಿಗೂ ಬಾಗಿಲು ತೆರೆದಿರಲಿ



ನಮ್ಮ ಕೆ.ಆರ್. ಮಾರುಕಟ್ಟೆಯಲ್ಲಿ ರಾತ್ರಿಯಿಡೀ ಮೂಟೆ ಹೊರುವ ಹಮಾಲರೊಬ್ಬರು ಬೆಳಿಗ್ಗೆ ಫ್ಲೈಓವರ್ ಕೆಳಗೆ ಮಲಗುತ್ತಾರೆ. ಆಧಾರ್ ಕಾರ್ಡು, ಅಂದಿನ ಕೂಲಿ ಎರಡನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಸೊಂಟಕ್ಕೆ ಕಟ್ಟಿಕೊಂಡಿರುತ್ತಾರೆ. ನಿದ್ದೆಯಲ್ಲಿ ಎರಡು ಸಲ ಕಳುವಾಗಿದೆಯಂತೆ. ‘ರಾತ್ರಿ ತಂಗುದಾಣಕ್ಕೆ ಹೋಗಬಾರದೇ ಅಣ್ಣಾ?’ ಎಂದೆ. ‘ಬೆಳಕು ಹರಿದ್ರೆ ಎಬ್ಬಿಸಿ ಕಳಿಸ್ತಾರೆ ಸ್ವಾಮಿ. ನಾನು ಮಲಗೋದೇ ಆವಾಗ’ ಎಂದರು.

ನಗರಗಳಲ್ಲಿ ಪ್ರತಿ 1 ಲಕ್ಷ ಜನಸಂಖ್ಯೆಗೆ ಒಂದರಂತೆ, 24 ಗಂಟೆಯೂ ತೆರೆದಿರುವ ಆಶ್ರಯತಾಣ ಇರಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಅಂಥ ತಾಣದಲ್ಲಿ ಹಗಲಲ್ಲೂ ಒಂದು ಚಾಪೆ, ಬೀಗವಿರುವ ಪೆಟ್ಟಿಗೆ, ಬ್ಯಾಂಕ್ ಖಾತೆಗೆ ಬರೆಸಲು ವಿಳಾಸ ಸಿಕ್ಕರೆ ದುಡಿದದ್ದು ಕೈಯಲ್ಲಿ ಉಳಿಯುತ್ತದೆ. ಆಮೇಲೂ ಅಲ್ಲಿಂದ ಹೊರಬರಲು ಬಾಡಿಗೆ ಕೋಣೆಯ ಅಡ್ವಾನ್ಸ್ ದೊಡ್ಡ ಗೋಡೆಯೇ. ಚಳಿಗಾಲದಲ್ಲಿ ಕಂಬಳಿ ಹಂಚುವ ಪುಣ್ಯವಂತರು ಈ ಸಲ ಒಬ್ಬರ ಅಡ್ವಾನ್ಸ್‌ಗಾದರೂ ಕೈ ಜೋಡಿಸಲಿ.

- ಓದುಗ, ಚಾಮರಾಜಪೇಟೆ, ಬೆಂಗಳೂರು